ಡೌಟ್ ಮತ್ತು ಸಸ್ಪೆಕ್ಟ್: ಕನ್ನಡದಲ್ಲಿ ಎರಡೂ ‘ಅನುಮಾನ’, ಹಾಗಾದ್ರೆ ಎಲ್ಲಿ ಯಾವುದು?

ಬಿಲ್ಡ್ ಬ್ರೇಕರ್
ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ತಂಡದಲ್ಲಿದ್ದೇನೆ. ಕ್ಲೈಂಟ್ ಅಮೆರಿಕದವರು. ಮೊನ್ನೆ ನಮ್ಮ ತಂಡದ ಹುಡುಗನೊಬ್ಬ ರಾತ್ರಿ ಹೊತ್ತು ಒಂದು ಮೇಲ್ ಹಾಕಿದ: ‘ಐ ಡೌಟ್ ದೇರ್ ಈಸ್ ಎ ಮೆಮೊರಿ ಲೀಕ್ ಇನ್ ದಿಸ್ ಬಿಲ್ಡ್’. (ಬಿಲ್ಡ್ ಅಂದ್ರೆ ಟೆಸ್ಟಿಂಗ್‌ಗೆ ಬಂದ ಸಾಫ್ಟ್‌ವೇರಿನ ಆವೃತ್ತಿ. ಮೆಮೊರಿ ಲೀಕ್ ಅಂದ್ರೆ ಪ್ರೋಗ್ರಾಂ ತೆಗೆದುಕೊಂಡ ಮೆಮೊರಿಯನ್ನು ವಾಪಸ್ ಬಿಡದ ದೋಷ.) ಅವನ ಮನಸ್ಸಿನಲ್ಲಿ ಇದ್ದದ್ದು ‘ಮೆಮೊರಿ ಲೀಕ್ ಇದೆ ಅಂತ ನನಗೆ ಅನುಮಾನ’. ಆ ಕಡೆಯವರು ಓದಿಕೊಂಡಿದ್ದು ‘ಲೀಕ್ ಇರಲಿಕ್ಕಿಲ್ಲ’ ಅಂತ. ‘ಗ್ರೇಟ್, ಥ್ಯಾಂಕ್ಸ್’ ಅಂತ ಉತ್ತರ ಬಂತು. ಬಿಲ್ಡ್ ಲೈವ್ ಹೋಯಿತು. ಮುಂದಿನ ಕಥೆ ನೀವೇ ಊಹಿಸಿಕೊಳ್ಳಿ.

ಹುಡುಗ ಈಗಲೂ ತಾನು ಬರೆದದ್ದೇ ಸರಿ ಅನ್ನುತ್ತಾನೆ. ‘ಡೌಟ್ ಅಂದ್ರೆ ಅನುಮಾನ, ಡಿಕ್ಷನರಿ ನೋಡಿ’ ಅಂತ ಅವನ ವಾದ. ಇಂಗ್ಲಿಷ್-ಕನ್ನಡ ಡಿಕ್ಷನರಿ ತೆಗೆದರೆ ಎರಡಕ್ಕೂ ಸಂಶಯ, ಅನುಮಾನ, ಸಂದೇಹ ಅಂತಲೇ ಇದೆ! ನನಗೆ ವ್ಯತ್ಯಾಸ ಗೊತ್ತು, ಅವನು ಒಪ್ಪುವ ಹಾಗೆ ಹೇಳೋಕೆ ಬರುತ್ತಿಲ್ಲ. ವ್ಯಾಕರಣದ ಪಾಠ ಬೇಡ. ಕನ್ನಡದಲ್ಲಿ ಯೋಚಿಸುವವನ ತಲೆಗೆ ಹತ್ತುವ ಹಾಗೆ ಯಾರಾದರೂ ಹೇಳ್ತೀರಾ?

ಮಲ್ನಾಡ್ ಮಳೆ
ಡೌಟ್ ಅಂದ್ರೆ ‘ಇರಲಿಕ್ಕಿಲ್ಲ’ ಕಡೆಗೆ ವಾಲಿದ ಅನುಮಾನ. ಸಸ್ಪೆಕ್ಟ್ ಅಂದ್ರೆ ‘ಇರಬಹುದು’ ಕಡೆಗೆ ವಾಲಿದ ಅನುಮಾನ. ಮುಗೀತು. ಚರ್ಚೆ ಕ್ಲೋಸ್ ಮಾಡಿ.

ಬಿಲ್ಡ್ ಬ್ರೇಕರ್
@ಮಲ್ನಾಡ್ ಮಳೆ, ಇದನ್ನೇ ಹೇಳಿದೆ. ‘ಹಾಗಾದ್ರೆ ಪೊಲೀಸರಿಗೆ ಅವನ ಮೇಲೆ ಡೌಟ್ ಇದೆ ಅಂತೀವಲ್ಲ, ಅದೂ ಇಲ್ಲ ಕಡೆಗೆ ವಾಲಿದ್ದಾ?’ ಅಂತ ತಿರುಗಿ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಧಾರವಾಡ ಫೇಡಾ
ಹುಡುಗ ಭಾರಿ ಚಾಲಾಕಿ ಇದ್ದಾನಲ್ರೀ. ಟೆಸ್ಟಿಂಗ್ ಬಿಡಿಸಿ ಮ್ಯಾನೇಜರ್ ಮಾಡ್ರಿ.

ಹಳೇ ಮೇಷ್ಟ್ರು
ಹುಡುಗನ ಪ್ರಶ್ನೆ ಚೆನ್ನಾಗಿದೆ. ಮಲ್ನಾಡ್ ಮಳೆ ಹೇಳಿದ್ದು ಇಂಗ್ಲಿಷಿನ ಡೌಟ್ ಬಗ್ಗೆ. ಹುಡುಗ ಕೇಳಿದ್ದು ಕನ್ನಡದ ‘ಡೌಟು’ ಬಗ್ಗೆ. ಅವೆರಡೂ ಒಂದೇ ಪದ ಅಲ್ಲ. ನಾವು ಡೌಟನ್ನು ತಂದು ‘ಅನುಮಾನ’ದ ಜಾಗದಲ್ಲಿ ಕೂರಿಸಿಬಿಟ್ಟಿದ್ದೇವೆ. ಅನುಮಾನ ಮಾಡುತ್ತಿದ್ದ ಕೆಲಸವನ್ನೆಲ್ಲ ಅದು ಮಾಡುತ್ತಿದೆ.

ಕನ್ನಡದ ಅನುಮಾನಕ್ಕೆ ತನ್ನದೇ ಆದ ದಿಕ್ಕಿಲ್ಲ. ಅದರ ಹಿಂದೆ ಏನು ಬಂದಿದೆ ಅನ್ನುವುದರ ಮೇಲೆ ದಿಕ್ಕು ಗೊತ್ತಾಗುತ್ತದೆ. ಈ ಎರಡು ವಾಕ್ಯ ನೋಡಿ:

‘ಅವನು ಊಟಕ್ಕೆ ಬರೋದು ಅನುಮಾನ.’
‘ಅವನು ಊಟಕ್ಕೆ ಬಂದಿದ್ದಾನೆ ಅಂತ ಅನುಮಾನ.’

ಮೊದಲನೆಯದನ್ನು ಕೇಳಿದರೆ ಮನೆಯವರು ಒಂದು ಎಲೆ ಕಡಿಮೆ ಹಾಕುತ್ತಾರೆ. ಎರಡನೆಯದನ್ನು ಕೇಳಿದರೆ ಬಾಗಿಲ ಹತ್ತಿರ ಅವನ ಚಪ್ಪಲಿ ಇದೆಯಾ ಅಂತ ಹೋಗಿ ನೋಡುತ್ತಾರೆ. ಪದ ಒಂದೇ, ಅರ್ಥ ಉಲ್ಟಾ. ನಮಗೆ ಒಂದು ದಿನವೂ ಗೊಂದಲ ಆಗಿಲ್ಲ, ಯಾಕಂದ್ರೆ ‘ಬರೋದು’ ಮತ್ತು ‘ಅಂತ’ ಆ ಕೆಲಸ ಮಾಡುತ್ತವೆ. ಇಂಗ್ಲಿಷಿನಲ್ಲಿ ಆ ಸೌಕರ್ಯ ಇಲ್ಲ. ದಿಕ್ಕು ಕ್ರಿಯಾಪದದ ಒಳಗೇ ಇದೆ. ಹಾಗಾಗಿ ಬರೆಯೋ ಮುಂಚೆ ಮನಸ್ಸಿನಲ್ಲಿರುವ ಕನ್ನಡ ವಾಕ್ಯವನ್ನು ಪೂರ್ತಿ ಹೇಳಿಕೊಳ್ಳಲಿ. ‘ಇರೋದು ಅನುಮಾನ’ ಅಂತ ಬಂದರೆ ಡೌಟ್. ‘ಇದೆ ಅಂತ ಅನುಮಾನ’ ಅಂತ ಬಂದರೆ ಸಸ್ಪೆಕ್ಟ್.

ಮಲ್ನಾಡ್ ಮಳೆ
ಒಪ್ಪಿದೆ. ಚರ್ಚೆ ಓಪನ್ ಇರಲಿ.

ಹೊನ್ನಾವರ ಹಲಸು
ಮೇಷ್ಟ್ರೇ, ನಿಮ್ಮ ‘ಅಂತ’ ಪರೀಕ್ಷೆಯಲ್ಲಿ ತೂತಿದೆ. ‘ಅವನು ಹೇಳಿದ್ದು ನಿಜಾನಾ ಅಂತ ಅನುಮಾನ.’ ಇಲ್ಲಿ ‘ಅಂತ’ ಇದೆ. ಆದರೆ ಇದು ಸಸ್ಪೆಕ್ಟ್ ಅಲ್ಲವೇ ಅಲ್ಲ.

ಹಳೇ ಮೇಷ್ಟ್ರು
@ಹೊನ್ನಾವರ ಹಲಸು, ಭೇಷ್. ‘ಅಂತ’ದ ಹಿಂದೆ ಏನಿದೆ ನೋಡಿ. ‘ನಿಜಾನಾ’ ಅನ್ನುವುದು ಪ್ರಶ್ನೆ. ‘ಬರ್ತಾನೋ ಇಲ್ವೋ ಅಂತ ಅನುಮಾನ’ ಅಂದರೂ ಅಷ್ಟೇ. ‘ಅಂತ’ದ ಹಿಂದೆ ಹೇಳಿಕೆ ಇದ್ದರೆ ಸಸ್ಪೆಕ್ಟ್, ಪ್ರಶ್ನೆ ಇದ್ದರೆ ಡೌಟ್. ಇಂಗ್ಲಿಷಿನಲ್ಲೂ ಇದಕ್ಕೆ ಸರಿಹೊಂದುವ ಗುರುತಿದೆ. ಡೌಟ್ ಮುಂದೆ ‘ಇಫ್’, ‘ವೆದರ್’ ಬರುತ್ತವೆ, ‘ದಟ್’ ಕೂಡ ಬರುತ್ತದೆ. ಸಸ್ಪೆಕ್ಟ್ ಮುಂದೆ ‘ದಟ್’ ಮಾತ್ರ. ‘ಐ ಸಸ್ಪೆಕ್ಟ್ ಇಫ್’ ಅಂತ ಬರೆದರೆ ಕೇಳುವವರ ಕಿವಿಗೆ ಕಲ್ಲು ಸಿಕ್ಕಿದ ಹಾಗೆ.

ಬಸವನಗುಡಿ ಬೋಂಡಾ
ನನ್ನದೊಂದು ತಕರಾರು. ಯಾಕೆ ಯಾವಾಗಲೂ ನಾವೇ ಬದಲಾಗಬೇಕು? ಭಾರತದಲ್ಲಿ ಕೋಟ್ಯಂತರ ಜನ ಡೌಟನ್ನು ಹೀಗೇ ಬಳಸುತ್ತಾರೆ. ‘ಸರ್, ಐ ಹ್ಯಾವ್ ಎ ಡೌಟ್’ ಅಂತ ಕೈ ಎತ್ತದೆ ಯಾರು ಓದಿ ಮುಗಿಸಿದ್ದಾರೆ? ಟ್ಯೂಷನ್‌ನವರು ‘ಡೌಟ್ ಕ್ಲಿಯರಿಂಗ್ ಸೆಷನ್’ ಅಂತ ಬೋರ್ಡೇ ಹಾಕುತ್ತಾರೆ. ‘ಪ್ರೀಪೋನ್’ ಅನ್ನೋದನ್ನು ಒಂದು ಕಾಲಕ್ಕೆ ನಕ್ಕರು, ಈಗ ಆಕ್ಸ್‌ಫರ್ಡ್ ಡಿಕ್ಷನರಿಯಲ್ಲಿದೆ. ಅಮೆರಿಕದವರೇ ನಮ್ಮ ಇಂಗ್ಲಿಷ್ ಕಲಿಯಲಿ.

ಬಿಲ್ಡ್ ಬ್ರೇಕರ್
@ಬಸವನಗುಡಿ ಬೋಂಡಾ, ಪ್ರೀಪೋನ್ ಬೇರೆ, ಇದು ಬೇರೆ. ಪ್ರೀಪೋನ್ ಅರ್ಥವಾಗದಿದ್ದರೆ ಆ ಕಡೆಯವನು ‘ಹಾಗಂದ್ರೇನು?’ ಅಂತ ಕೇಳುತ್ತಾನೆ. ಡೌಟ್ ಅವನಿಗೆ ಗೊತ್ತಿರುವ ಪದ. ಕೇಳುವುದೇ ಇಲ್ಲ. ತಪ್ಪು ಅರ್ಥ ಮಾಡಿಕೊಂಡು ಖುಷಿಯಾಗಿ ಮಲಗುತ್ತಾನೆ. ತೊಂದರೆ ಇರೋದೇ ಅಲ್ಲಿ.

ತುಮಕೂರು ತಟ್ಟೆ
‘ಐ ಹ್ಯಾವ್ ಎ ಡೌಟ್’ ವಿಷಯ ಬಂತಲ್ಲ. ನನ್ನ ತಂಗಿ ಅಮೆರಿಕಕ್ಕೆ ಎಂಎಸ್ ಮಾಡೋಕೆ ಹೋದ ಹೊಸದರಲ್ಲಿ ಕ್ಲಾಸಿನಲ್ಲಿ ಹೀಗೇ ಕೈ ಎತ್ತಿದಳಂತೆ. ಪ್ರೊಫೆಸರ್ ಮುಖ ಗಂಭೀರವಾಗಿ, ‘ಯಾವ ಭಾಗ ನಿನಗೆ ಒಪ್ಪಿಗೆಯಿಲ್ಲ?’ ಅಂದರಂತೆ. ಅವಳಿಗೆ ಬೇಕಿದ್ದದ್ದು ಅಸೈನ್‌ಮೆಂಟ್ ಯಾವಾಗ ಕೊಡಬೇಕು ಅಂತ ತಿಳಿಯೋದು ಅಷ್ಟೇ 😄

ಲಿಸ್ಬನ್ ಲಿಂಗರಾಜು
ಇದು ನಮ್ಮೊಬ್ಬರ ರೋಗ ಅಲ್ಲ. ಪೋರ್ಚುಗೀಸರೂ ಪ್ರಶ್ನೆ ಇದ್ದರೆ ‘ದೂವಿದಾ ಇದೆ’ ಅನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ‘ತೆಂಗೊ ಉನಾ ದೂದಾ’. ಎರಡೂ ಡೌಟ್ ಪದದ ಅಣ್ಣತಮ್ಮಂದಿರೇ, ಲ್ಯಾಟಿನ್ನಿನಿಂದ ಬಂದವು. ಅವರೂ ಇಂಗ್ಲಿಷ್ ಮಾತಾಡುವಾಗ ‘ಐ ಹ್ಯಾವ್ ಎ ಡೌಟ್’ ಅಂತಲೇ ಶುರು ಮಾಡುತ್ತಾರೆ. ಇಲ್ಲಿಯ ಆಫೀಸಿನಲ್ಲಿ ನನಗೆ ಊರಲ್ಲಿದ್ದ ಹಾಗೇ ಅನಿಸುತ್ತದೆ.

ಕೋರ್ಟ್ ಕಟ್ಟೆ
ವಕೀಲರ ಕಡೆಯಿಂದ ಒಂದು ಮಾತು. ಈ ಎರಡು ಪದಗಳ ವ್ಯತ್ಯಾಸ ತಿಳಿಯೋಕೆ ಕೋರ್ಟಿಗಿಂತ ಒಳ್ಳೆಯ ಜಾಗ ಇಲ್ಲ. ‘ರೀಸನಬಲ್ ಸಸ್ಪಿಶನ್’ ಒಬ್ಬನನ್ನು ಒಳಗೆ ಹಾಕುತ್ತದೆ. ‘ರೀಸನಬಲ್ ಡೌಟ್’ ಅದೇ ಮನುಷ್ಯನನ್ನು ಹೊರಗೆ ತರುತ್ತದೆ.

ಬಿಡಿಸಿ ಹೇಳುತ್ತೇನೆ. ಕೆಲವು ಅಪರಾಧಗಳಲ್ಲಿ, ಈತ ಮಾಡಿದ್ದಾನೆ ಅನ್ನುವುದಕ್ಕೆ ತಕ್ಕಮಟ್ಟಿನ ಸಸ್ಪಿಶನ್ ಇದ್ದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಅದಕ್ಕೂ ಷರತ್ತುಗಳಿವೆ, ಅದು ಬೇರೆ ಮಾತು. ಹಳೆಯ ಸಿಆರ್‌ಪಿಸಿಯಲ್ಲಿ (ಪೊಲೀಸ್, ಕೋರ್ಟು ನಡೆಯಬೇಕಾದ ಕ್ರಮದ ಕಾನೂನು) ಇದು ಸೆಕ್ಷನ್ 41. ಅದರ ಬದಲಿಗೆ 2024ರ ಜುಲೈ 1ರಿಂದ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನಲ್ಲಿ ಸೆಕ್ಷನ್ 35. ಇದು ‘ಮಾಡಿರಬಹುದು’ ಅನ್ನುವ ಕಡೆ. ವಿಚಾರಣೆ ಮುಗಿಯುವ ಹೊತ್ತಿಗೆ ಜಡ್ಜ್ ಮನಸ್ಸಿನಲ್ಲಿ ‘ಇವನೇ ಮಾಡಿದ್ದಾನಾ?’ ಅನ್ನುವ ಸಕಾರಣವಾದ ಡೌಟ್ ಉಳಿದರೆ ಬಿಡುಗಡೆ. ತೀರ್ಪಿನ ಕನ್ನಡದಲ್ಲಿ ‘ಸಂಶಯದ ಲಾಭ’ ಅಂತ ಬರೆಯುತ್ತಾರಲ್ಲ, ಅದೇ ‘ಬೆನಿಫಿಟ್ ಆಫ್ ಡೌಟ್’. ಯಾರೂ ‘ಬೆನಿಫಿಟ್ ಆಫ್ ಸಸ್ಪಿಶನ್’ ಅನ್ನುವುದಿಲ್ಲ. ಅನುಮಾನ ಎಷ್ಟೇ ಬಲವಾಗಿದ್ದರೂ ಅದು ಸಾಕ್ಷ್ಯದ ಜಾಗಕ್ಕೆ ಬರಲಾರದು ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 1973ರ ಒಂದು ತೀರ್ಪಿನಲ್ಲಿ ‘ಮೇ ಬಿ’ ಮತ್ತು ‘ಮಸ್ಟ್ ಬಿ’ ನಡುವಿನ ದೂರ ಬಹಳ ಅಂತ ಇದೆ. ಸಸ್ಪಿಶನ್ ‘ಮೇ ಬಿ’ ಹತ್ತಿರವೇ ನಿಂತುಬಿಡುತ್ತದೆ.

ಬಿಲ್ಡ್ ಬ್ರೇಕರ್
@ಕೋರ್ಟ್ ಕಟ್ಟೆ, ಇದು ನೇರ ಹುಡುಗನಿಗೆ ಕಳಿಸುತ್ತೇನೆ. ಒಂದು ಒಳಗೆ ಹಾಕುತ್ತೆ, ಇನ್ನೊಂದು ಹೊರಗೆ ತರುತ್ತೆ. ಸೂಪರ್.

ಸುದ್ದಿ ಸೋಮಾರಿ
ಪತ್ರಿಕೆಯವರು ಇದನ್ನು ಯಾವತ್ತೋ ಬಗೆಹರಿಸಿಕೊಂಡಿದ್ದಾರೆ. ಡೆಸ್ಕಿನಲ್ಲಿ ನಮಗೆ ಸಸ್ಪೆಕ್ಟ್ ಕಡೆಗೆ ‘ಶಂಕೆ’ ಇದೆ. ‘ಶಾರ್ಟ್ ಸರ್ಕ್ಯೂಟ್ ಶಂಕೆ’, ‘ಕೊಲೆ ಶಂಕೆ’, ‘ಶಂಕಿತ ಡೆಂಗಿ’. ಡೌಟ್ ಕಡೆಗೆ ‘ಅನುಮಾನ’. ‘ಪಂದ್ಯ ನಡೆಯುವುದು ಅನುಮಾನ’ ಅಂತ ಹೆಡ್ಡಿಂಗ್ ಕೊಟ್ಟರೆ ಮಳೆ ಬರುತ್ತಿದೆ ಅಂತ ಓದುಗರಿಗೆ ಗೊತ್ತಾಗುತ್ತದೆ. ‘ಪಂದ್ಯ ನಡೆದ ಶಂಕೆ’ ಅಂತ ಕೊಟ್ಟರೆ ನನ್ನ ಕೆಲಸ ಹೋಗುತ್ತದೆ. ಇನ್ನು ‘ಶಂಕಿತ’ ಬೇರೆ, ‘ಆರೋಪಿ’ ಬೇರೆ, ‘ಅಪರಾಧಿ’ ಬೇರೆ. ಟಿವಿಯವರು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಅದಕ್ಕೆ ಬೇರೆ ಚರ್ಚೆಯೇ ಬೇಕು.

ಹೊನ್ನಾವರ ಹಲಸು
@ಸುದ್ದಿ ಸೋಮಾರಿ, ಬಗೆಹರಿಸಿಕೊಂಡಿದ್ದೀರಾ? ಹಾಗಾದ್ರೆ ‘ಅನುಮಾನಾಸ್ಪದ ಸಾವು’ ಏನು? ಅವರು ಸತ್ತಿರೋದೇ ಡೌಟಾ?

ಸುದ್ದಿ ಸೋಮಾರಿ
😂 ಸೋತೆ. ಅಲ್ಲಿ ಸಸ್ಪಿಶನ್ನೇ. ಸ್ಟೇಷನ್ನಿನವರು ‘ಯುಡಿಆರ್ ಆಗಿದೆ’ ಅಂತ ಮುಗಿಸುತ್ತಾರೆ, ನಾವು ಅದಕ್ಕೆ ಬಟ್ಟೆ ತೊಡಿಸುತ್ತೇವೆ.

ಕೋರ್ಟ್ ಕಟ್ಟೆ
ಯುಡಿಆರ್ ಅಂದ್ರೆ ಅಸಹಜ ಸಾವಿನ ವರದಿ, ಹಳೆಯ ಸಿಆರ್‌ಪಿಸಿ ಸೆಕ್ಷನ್ 174, ಈಗ ಬಿಎನ್‌ಎಸ್‌ಎಸ್ 194. ಎಲ್ಲ ಯುಡಿಆರ್ ಅನುಮಾನಾಸ್ಪದ ಅಲ್ಲ. ಮರದಿಂದ ಬಿದ್ದು ಸತ್ತರೂ ಯುಡಿಆರ್ ಆಗುತ್ತದೆ. ಪತ್ರಿಕೆಯವರು ದಯವಿಟ್ಟು ಗಮನಿಸಿ.

ನೈಟ್ ಡ್ಯೂಟಿ
ಆಸ್ಪತ್ರೆಯಲ್ಲಿ ಇದಕ್ಕಿಂತ ಸುಲಭ. ಚೀಟಿಯಲ್ಲಿ ಡೆಂಗಿ ಹಿಂದೆ ಒಂದು ಪ್ರಶ್ನೆ ಚಿಹ್ನೆ ಹಾಕುತ್ತೇವೆ. ಓದುವಾಗ ‘ಕ್ವೆರಿ ಡೆಂಗಿ’. ಅಂದ್ರೆ ಸಸ್ಪೆಕ್ಟೆಡ್, ಎನ್‌ಎಸ್1 ರಕ್ತಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ನೋಡಿ. ‘ಐ ಡೌಟ್ ಡೆಂಗಿ’ ಅಂತ ಸೀನಿಯರ್ ಅಂದ್ರೆ ಅವರಿಗೆ ಡೆಂಗಿ ಅನಿಸಿಲ್ಲ, ಬೇರೆ ಏನೋ ಹುಡುಕಿ ಅಂತ. ಡ್ಯೂಟಿ ಬದಲಾಗುವಾಗ ಇದನ್ನು ಉಲ್ಟಾ ಕೇಳಿಸಿಕೊಂಡರೆ ಕಷ್ಟ. ಆದ್ದರಿಂದ ನಮ್ಮ ವಾರ್ಡಿನಲ್ಲಿ ಡೌಟ್ ಪದ ಬಳಸುವುದೇ ಕಡಿಮೆ.

ಧಾರವಾಡ ಫೇಡಾ
ಅನುಮಾನಂ ಪೆದ್ದರೋಗಂ. ಅದಕ್ಕೆ ಎನ್‌ಎಸ್1 ಇಲ್ಲ ಡಾಕ್ಟ್ರೇ.

ಸಂಸ್ಕೃತ ಸಂಜೆ
ಇಷ್ಟು ಹೊತ್ತು ತಡೆದುಕೊಂಡಿದ್ದೆ. ಅನುಮಾನ ಅನ್ನುವ ಪದಕ್ಕೆ ಮೂಲದಲ್ಲಿ ಸಂಶಯದ ಅರ್ಥವೇ ಇಲ್ಲ! ನ್ಯಾಯಶಾಸ್ತ್ರದಲ್ಲಿ ಅದು ಒಂದು ಪ್ರಮಾಣ, ಅಂದರೆ ಸರಿಯಾದ ತಿಳಿವಿನ ದಾರಿ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಅಂತ ನಾಲ್ಕು. ಬೆಟ್ಟದ ಮೇಲೆ ಹೊಗೆ ಕಂಡಿತು, ಹಾಗಾಗಿ ಅಲ್ಲಿ ಬೆಂಕಿ ಇದೆ. ಇದು ಅನುಮಾನ. ಸಂಶಯ ಅಂದರೆ ಬೇರೆಯೇ. ಮಬ್ಬುಗತ್ತಲಲ್ಲಿ ದೂರದಲ್ಲಿ ಏನೋ ನಿಂತಿದೆ, ಅದು ಮೋಟುಮರವೋ ಮನುಷ್ಯನೋ? ಇದು ಸಂಶಯ.

ಈಗ ಇಂಗ್ಲಿಷಿನ ಜೋಡಿಯನ್ನು ಪಕ್ಕದಲ್ಲಿಡಿ. ಸಸ್ಪೆಕ್ಟ್ ಮಾಡುವವನು ಹೊಗೆ ನೋಡಿ ಬೆಂಕಿ ಅನ್ನುವವನು, ಗಟ್ಟಿಯಾಗಿ ಹೇಳೋಕೆ ಇನ್ನೂ ಧೈರ್ಯ ಬಂದಿಲ್ಲ ಅಷ್ಟೇ. ಡೌಟ್ ಮಾಡುವವನು ಎರಡರ ನಡುವೆ ನಿಂತವನು. ಲ್ಯಾಟಿನ್ನಿನಲ್ಲಿ ಡೌಟ್‌ನ ಬೇರು ‘ಎರಡು’ ಅನ್ನುವ ಪದಕ್ಕೆ ಸಂಬಂಧಪಟ್ಟದ್ದು. ಜರ್ಮನ್ನಿನಲ್ಲಿ ಡೌಟ್‌ಗೆ ‘ಜ್ವೈಫಲ್’, ಅದರಲ್ಲೂ ಎರಡು ಅನ್ನುವ ‘ಜ್ವೈ’ ಇದೆ. ನಮ್ಮಲ್ಲೂ ‘ಎರಡು ಮನಸ್ಸು’ ಅನ್ನುತ್ತೇವಲ್ಲ.

ದಿಲ್ಲಿ ದೋಸೆ
ಓಹ್, ಈಗ ಗೊತ್ತಾಯಿತು! ಹಿಂದಿಯಲ್ಲಿ ‘ಅನುಮಾನ್’ ಅಂದರೆ ಅಂದಾಜು. ಹವಾಮಾನ ಮುನ್ಸೂಚನೆಗೆ ‘ಪೂರ್ವಾನುಮಾನ್’ ಅನ್ನುತ್ತಾರೆ. ಮೊದಮೊದಲು ನಾನು ‘ಮಳೆಯ ಮೇಲೆ ಮುಂಗಡವಾಗಿ ಯಾಕೆ ಅನುಮಾನ ಪಡುತ್ತಾರೆ ಇವರು’ ಅಂದುಕೊಂಡಿದ್ದೆ. ತೆಲುಗು ಸ್ನೇಹಿತರಿಗೆ ಮಾತ್ರ ನಮ್ಮ ಹಾಗೇ ‘ಅನುಮಾನಂ’ ಅಂದರೆ ಸಂಶಯ.

ಬಸವನಗುಡಿ ಬೋಂಡಾ
ಸಂಸ್ಕೃತದವರು ಬಂದ ಮೇಲೆ ಚರ್ಚೆ ಬೆಟ್ಟ ಹತ್ತೋದು ಗ್ಯಾರಂಟಿ. ಹುಡುಗನ ಮೇಲ್ ಇನ್ನೂ ಕೆಳಗೇ ಇದೆ ಸ್ವಾಮಿ.

ಗ್ಲಾಸ್ಗೋ ಗೌಡ
ಬೋಂಡಾ ಅವರಿಗೆ ಖುಷಿಯಾಗುವ ಸುದ್ದಿ. ನಾನಿರುವ ಸ್ಕಾಟ್ಲೆಂಡಿನಲ್ಲಿ ‘ಐ ಡೌಟ್ ಇಟ್ಸ್ ಗೋಯಿಂಗ್ ಟು ರೇನ್’ ಅಂತ ವಯಸ್ಸಾದವರು ಅಂದರೆ ‘ಮಳೆ ಬರುತ್ತೆ ಅಂತ ಕಾಣುತ್ತೆ’ ಅಂತ ಅರ್ಥ. ಬರಲ್ಲ ಅಂತ ಅಲ್ಲ! ಸ್ಕಾಟ್ಸ್ ಮಾತಿನಲ್ಲಿ ಡೌಟ್ ಅಂದರೆ ಸಸ್ಪೆಕ್ಟೇ. ಪಕ್ಕದ ಮನೆ ಅಜ್ಜಿ ಹೀಗೆ ಹೇಳಿದ್ದನ್ನು ಲಂಡನ್ನಿನಿಂದ ಬಂದಿದ್ದ ನನ್ನ ಗೆಳೆಯ ನಂಬಿ, ಛತ್ರಿ ಬಿಟ್ಟು ಹೋಗಿ ನೆನೆದು ಬಂದ. ಆ ಹುಡುಗನನ್ನು ಇಲ್ಲಿಗೆ ಕಳಿಸಿ, ಅವನ ಇಂಗ್ಲಿಷ್‌ಗೆ ತಕ್ಕ ಊರು.

ಬಸವನಗುಡಿ ಬೋಂಡಾ
ನೋಡಿ! ನಾನೇನು ಹೇಳಿದ್ದೆ?

ಹಳೇ ಮೇಷ್ಟ್ರು
ಗೌಡರು ಹೇಳಿದ್ದು ನಿಜ, ಅದು ಹಳೆಯ ಬಳಕೆ. ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ಕೂಡ ಅಪ್ಪನ ಪ್ರೇತದ ಸುದ್ದಿ ಕೇಳಿ ‘ಐ ಡೌಟ್ ಸಮ್ ಫೌಲ್ ಪ್ಲೇ’ ಅನ್ನುತ್ತಾನೆ. ಏನೋ ಮೋಸ ನಡೆದಿದೆ ಅಂತ ಅನುಮಾನ ಅನ್ನೋದು ಅವನ ಮಾತು. ಈಗಿನ ಇಂಗ್ಲಿಷಿನಲ್ಲಿ ಅದನ್ನೇ ಓದಿದರೆ ‘ಮೋಸ ಏನೂ ಇರಲಿಕ್ಕಿಲ್ಲ’ ಅಂತಾಗಿ ನಾಟಕ ಮೊದಲ ಅಂಕದಲ್ಲೇ ಮುಗಿಯಬೇಕಿತ್ತು. ಆದರೆ ಬೋಂಡಾ ಅವರೇ, ಅಮೆರಿಕದ ಕ್ಲೈಂಟಿಗೆ 400 ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಬಗ್ ರಿಪೋರ್ಟ್ ಬರೆದರೆ ಬಿಲ್ ಪಾಸ್ ಆಗಲ್ಲ.

ತುಮಕೂರು ತಟ್ಟೆ
‘ಡೌಟ್ ಹಿಮ್’ ಮತ್ತು ‘ಸಸ್ಪೆಕ್ಟ್ ಹಿಮ್’ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ? ಹುಡುಗ ಮೊದಲು ಕೇಳಿದ್ದೇ ಅದು.

ಹೊನ್ನಾವರ ಹಲಸು
@ತುಮಕೂರು ತಟ್ಟೆ, ಕನ್ನಡದ ‘ಮೇಲೆ’ ನೋಡಿ. ‘ಅವನ ಮೇಲೆ ಅನುಮಾನ’ ಅಂದ್ರೆ ಅವನೇ ಏನೋ ಮಾಡಿದ್ದಾನೆ ಅಂತ, ಅದು ಸಸ್ಪೆಕ್ಟ್. ‘ಅವನ ಮಾತಿನ ಮೇಲೆ ಅನುಮಾನ’ ಅಂದ್ರೆ ಅವನು ಹೇಳಿದ್ದನ್ನು ನಂಬಿಲ್ಲ ಅಂತ, ಅದು ಡೌಟ್. ಪೊಲೀಸರದ್ದು ಮೊದಲನೆಯದು. ‘ಐ ಡೌಟ್ ಮೈ ಹಸ್ಬೆಂಡ್’ ಅಂದ್ರೆ ಗಂಡ ಹೇಳಿದ್ದನ್ನು ನಂಬಲ್ಲ. ‘ಐ ಸಸ್ಪೆಕ್ಟ್ ಮೈ ಹಸ್ಬೆಂಡ್’ ಅಂದ್ರೆ ಅವನ ಫೋನ್ ಚೆಕ್ ಮಾಡ್ತೀನಿ.

ಧಾರವಾಡ ಫೇಡಾ
ನಮ್ಮನಿಯಾಕಿ ಎರಡೂ ಮಾಡ್ತಾಳ.

ನೈಟ್ ಡ್ಯೂಟಿ
ಇನ್ನೊಂದು. ‘ಐ ಆಮ್ ಡೌಟಿಂಗ್’, ‘ಐ ಆಮ್ ಸಸ್ಪೆಕ್ಟಿಂಗ್’ ಅಂತ ನಮ್ಮವರು ಜಾಸ್ತಿ ಬರೆಯುತ್ತಾರೆ. ‘ಅನುಮಾನ ಪಡ್ತಾ ಇದ್ದೀನಿ’ ಅನ್ನೋದರ ನೆರಳು ಅದು. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಐ ಡೌಟ್’, ‘ಐ ಸಸ್ಪೆಕ್ಟ್’ ಅಷ್ಟೇ ಸಾಕು.

ದಿಲ್ಲಿ ದೋಸೆ
‘ನೋ ಡೌಟ್’ ಅನ್ನೋದೂ ನಾವು ಅಂದುಕೊಂಡಷ್ಟು ಗಟ್ಟಿ ಅಲ್ಲ ಅಂತ ಕೇಳಿದ್ದೇನೆ, ಹೌದಾ? ನಾವು ‘ಡೌಟೇ ಬೇಡ’ ಅಂದರೆ ನೂರಕ್ಕೆ ನೂರು ಖಚಿತ.

ಗ್ಲಾಸ್ಗೋ ಗೌಡ
@ದಿಲ್ಲಿ ದೋಸೆ, ಹೌದು. ‘ನೋ ಡೌಟ್ ಯು ಆರ್ ಟೈರ್ಡ್’ ಅಂದರೆ ‘ಸುಸ್ತಾಗಿರಬೇಕು ನಿಮಗೆ’ ಅಷ್ಟೇ. ಒಂದು ಊಹೆ. ಗಟ್ಟಿಯಾಗಿ ಹೇಳಬೇಕಿದ್ದರೆ ‘ವಿದೌಟ್ ಡೌಟ್’ ಅಥವಾ ‘ದೇರ್ ಈಸ್ ನೋ ಡೌಟ್’. ಬಾಸ್ ‘ನೋ ಡೌಟ್ ಯು ವಿಲ್ ಗೆಟ್ ಎ ಹೈಕ್’ ಅಂದರೆ ಇನ್ನೂ ಸ್ವೀಟ್ ಹಂಚಬೇಡಿ.

ಬಿಲ್ಡ್ ಬ್ರೇಕರ್
ಅಪ್‌ಡೇಟ್. ಹುಡುಗನಿಗೆ ಎಲೆ-ಚಪ್ಪಲಿ ಉದಾಹರಣೆ ಹೇಳಿದೆ. ಒಂದು ನಿಮಿಷ ಸುಮ್ನೆ ಇದ್ದು ‘ಓ’ ಅಂದ. ಕೋರ್ಟ್ ಕಟ್ಟೆಯವರದ್ದನ್ನು ಸ್ಟೇಟಸ್ ಹಾಕಿಕೊಂಡಿದ್ದಾನೆ. ಆದರೂ ಬಗ್ ರಿಪೋರ್ಟಿನಲ್ಲಿ ಎರಡು ಪದವನ್ನೂ ನಿಲ್ಲಿಸಿದ್ದೇವೆ. ‘ಲೈಕ್ಲಿ’ ಅಥವಾ ‘ಅನ್‌ಲೈಕ್ಲಿ’ ಬರೆಯಬೇಕು, ಪಕ್ಕದಲ್ಲಿ ಕಾರಣ ಹಾಕಬೇಕು: ‘ಲೀಕ್ ಲೈಕ್ಲಿ, ರಾತ್ರಿಯಿಡೀ ಓಡಿಸಿದಾಗ ಮೆಮೊರಿ ಏರುತ್ತಲೇ ಇತ್ತು’. ಕಾರಣ ಬರೆದ ಮೇಲೆ ಉಲ್ಟಾ ಓದಿಕೊಳ್ಳೋಕೆ ಜಾಗವೇ ಇರಲ್ಲ.

ಸಂಸ್ಕೃತ ಸಂಜೆ
ಅಂದ್ರೆ ಹೊಗೆ ತೋರಿಸಿ ಬೆಂಕಿ ಅನ್ನುತ್ತಿದ್ದೀರಿ. ನಾನು ಹೇಳಿದ್ದೂ ಅದೇ.

ಬಸವನಗುಡಿ ಬೋಂಡಾ
ಬಿಡಲ್ಲ ಇವರು.

ಲಿಸ್ಬನ್ ಲಿಂಗರಾಜು
ಕೊನೆಗೆ ಒಂದು ನನ್ನದು. ‘ಹಿ ಈಸ್ ಸಸ್ಪಿಶಸ್’ ಅಂದ್ರೆ ಅವನು ಬೇರೆಯವರ ಮೇಲೆ ಅನುಮಾನ ಪಡುವವನಾ, ಅಥವಾ ಅವನ ಮೇಲೇ ನಮಗೆ ಅನುಮಾನವಾ?

ಹಳೇ ಮೇಷ್ಟ್ರು
@ಲಿಸ್ಬನ್ ಲಿಂಗರಾಜು, ಎರಡೂ ಆಗಬಹುದು. ಇಲ್ಲಿ ಇಂಗ್ಲಿಷೇ ಎಡವುತ್ತದೆ. ಬಿಡಿಸಿ ಹೇಳಬೇಕಿದ್ದರೆ ‘ಸಸ್ಪಿಶಸ್ ಆಫ್ ಎವ್ರಿಒನ್’ ಅಂದರೆ ಅವನು ಅನುಮಾನ ಪಡುವವನು, ‘ಲುಕ್ಸ್ ಸಸ್ಪಿಶಸ್’ ಅಂದರೆ ಅವನನ್ನು ನೋಡಿದರೆ ನಮಗೆ ಅನುಮಾನ. ಕನ್ನಡದಲ್ಲಿ ಈ ತೊಂದರೆ ಇಲ್ಲ. ಮೊದಲನೆಯವನು ‘ಸಂಶಯ ಪಿಶಾಚಿ’, ಎರಡನೆಯವನು ‘ಅನುಮಾನಾಸ್ಪದ ವ್ಯಕ್ತಿ’.

ತುಮಕೂರು ತಟ್ಟೆ
ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಮೊದಲನೆಯವರು ದಿನಾ ಎರಡನೆಯವರ ಫೋಟೋ ಹಾಕುತ್ತಾರೆ. ಹೆಚ್ಚಿನ ಸಲ ಅದು ಪಾರ್ಸೆಲ್ ಹುಡುಗ.